ದೀಪದ ಹೊಲ

"ಈ ಸಲ ಯಾರು ಕುಂದರ್ತಾರ?"

ನಮ್ಮ ಕಡೆ ಯಾವುದಾದರೂ ವಿದ್ಯಾಸಂಸ್ಥೆಯ ಅಧ್ಯಕ್ಷರ ಅವಧಿ ಮುಗಿಯುತ್ತ ಬಂತೆಂದರೆ ಮೊದಲು ಹುಟ್ಟುವ ಮಾತು ಇದು. ಮಸೂತಿಯ ಚಹಾದಂಗಡಿಯಲ್ಲಿ, ಕೊಲ್ಹಾರದ ಸಂತೆಯಲ್ಲಿ, ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕಿವಿಗೆ ಬೀಳುವುದು ಇದೇ ಕ್ರಿಯಾಪದ: ಕುಂದರೋದು. ಯಾರು ದುಡಿಯುತ್ತಾರೆ, ಯಾರು ನೋಡಿಕೊಳ್ಳುತ್ತಾರೆ, ಯಾರು ಕಾಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಹೊಣೆ ಹೊರುವ ಕೆಲಸಕ್ಕೆ ನಾವು ಕೂಡುವ ಹೆಸರಿಟ್ಟಿದ್ದೇವೆ. ಹೆಸರು ಹಾಗಿಟ್ಟ ಮೇಲೆ ಬಂದವರು ಕೂತರೆ ತಪ್ಪು ಅವರೊಬ್ಬರದೇ ಹೇಗಾದೀತು?

ಈ ಮಾತು ಹಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಹಿಂದೊಮ್ಮೆ ಒಂದು ಶಿಕ್ಷಣ ಸಂಸ್ಥೆಯ ಸರ್ವಸಾಧಾರಣ ಸಭೆಯಲ್ಲಿ ನಾನೂ ಕೂತಿದ್ದೆ. ಹೆಸರೊಂದನ್ನು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಒಂದು ಪ್ರಶ್ನೆಯನ್ನೂ ಕೇಳದೆ ಎತ್ತಿದೆ. ಹೂಮಾಲೆ ಬಂತು, ಚಪ್ಪಾಳೆ ಆಯಿತು, ಶಿರಾ-ಉಪ್ಪಿಟ್ಟು ತಿಂದು ಮನೆಗೆ ಬಂದೆವು. ನೂರಾರು ಮಕ್ಕಳ ಮುಂದಿನ ವರ್ಷಗಳನ್ನು ಒಬ್ಬರ ಕೈಗೆ ಕೊಟ್ಟು ಬಂದಿದ್ದೆವು. ಒಂದು ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ಜನ ನಾವು. ಆ ದಿನ ಅಷ್ಟನ್ನೂ ಮಾಡಲಿಲ್ಲ. ಆ ಎತ್ತಿದ ಕೈಯ ಭಾರ ಇನ್ನೂ ಇಳಿದಿಲ್ಲ. ಈ ಬರಹ ಅಲ್ಲಿಂದ ಹುಟ್ಟಿದ್ದು.

'ಅಧ್ಯಕ್ಷ' ಎಂಬ ಪದವನ್ನೇ ಮೊದಲು ಕೇಳಬೇಕು ಅನ್ನಿಸಿತು. ಅದರೊಳಗೆ 'ಅಕ್ಷ' ಇದೆ, ಅಕ್ಷವೆಂದರೆ ಕಣ್ಣು. ಯಾರ ಕಣ್ಣಳತೆಯಲ್ಲಿ ಕೆಲಸ ನಡೆಯುತ್ತದೋ ಅವರು ಅಧ್ಯಕ್ಷರು. ಪದದಲ್ಲಿ ಕುರ್ಚಿಯ ಸುಳಿವೇ ಇಲ್ಲ, ಇರುವುದು ನೋಟ. ಹೊಲದ ನಡುವೆ ಅಟ್ಟಣಿಗೆ ಕಟ್ಟಿ ಹಕ್ಕಿ ಕಾಯುವವನು ಎತ್ತರದಲ್ಲಿ ನಿಲ್ಲುವುದು ದೊಡ್ಡವನಾಗಲು ಅಲ್ಲ. ಹೊಲದ ನಾಲ್ಕೂ ಮೂಲೆ ಕಾಣಲಿ ಎಂದು. ಅಟ್ಟಣಿಗೆ ಏರಿ ಮಲಗಿದರೆ ಆ ಎತ್ತರಕ್ಕೆ ಅರ್ಥವಿಲ್ಲ.

ನಮ್ಮ ಸೀಮೆಯಲ್ಲಿ ಕೂಡುವ ಜಾಗಕ್ಕೆ ಇನ್ನೊಂದು ಪದವಿದೆ: ಗದ್ದಿಗೆ. ಮಠದ ಸ್ವಾಮಿಗಳು ಏರುವುದೂ ಗದ್ದಿಗೆ, ಲಿಂಗೈಕ್ಯರಾದವರ ಸಮಾಧಿಯೂ ಗದ್ದಿಗೆ. ಹಿರಿಯರು ಎರಡಕ್ಕೂ ಒಂದೇ ಹೆಸರಿಟ್ಟದ್ದು ಪದಗಳ ಬಡತನದಿಂದ ಇರಲಾರದು. ನಾನು ಎಂಬುದನ್ನು ಮಣ್ಣಿಗೆ ಕೊಟ್ಟವನಿಗೆ ಮಾತ್ರ ಮೇಲೆ ಕೂಡುವ ಅಧಿಕಾರ ಎಂಬ ತಿಳಿವಳಿಕೆ ಆ ಪದದಲ್ಲಿ ಹುದುಗಿದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಇಂಥ ಕುರ್ಚಿಗೆ ಆರಿಸುವ ಬಗೆ ಬೇರೆ ಕಡೆ ಹೇಗಿದೆ ನೋಡೋಣ. ಊರಿನ ಮಕ್ಕಳಿಗೆಂದೇ ಇರುವ 'ಸಮುದಾಯ ಕಾಲೇಜು' ಎಂಬ ಮಾತು ಹೊರಗಿನಿಂದ ಬಂದದ್ದು. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ 6 ವಿದ್ಯಾರ್ಥಿಗಳೊಂದಿಗೆ ಅಂಥ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. ದೂರದ ವಿಶ್ವವಿದ್ಯಾಲಯಕ್ಕೆ ಹೋಗಲಾಗದ ಮಕ್ಕಳು ಊರಲ್ಲೇ ಇದ್ದು ಎರಡು ವರ್ಷ ಕಲಿಯಲಿ ಎಂಬುದು ಅದರ ಉದ್ದೇಶ. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಇಂಥ ಕಾಲೇಜುಗಳನ್ನು ದೇಶದ ತುಂಬ ಹರಡಬೇಕೆಂದಿತು. ನಮ್ಮಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಮೊದಲ ಪ್ರಯತ್ನ ನಡೆಯಿತು. 2013ರ ಸುಮಾರಿಗೆ ಯುಜಿಸಿ ಅದನ್ನೊಂದು ಯೋಜನೆಯಾಗಿ ಕಾಲೇಜುಗಳ ಮುಂದಿಟ್ಟಿತು. ಅಮೆರಿಕದ ಇಂಥ ಕಾಲೇಜುಗಳಲ್ಲಿ ಹೊಸ ಅಧ್ಯಕ್ಷರನ್ನು ಆರಿಸುವಾಗ ಒಂದು ರೂಢಿ ಇದೆ. ಕೊನೆಯ ಸುತ್ತಿಗೆ ಬಂದ ಅಭ್ಯರ್ಥಿಗಳನ್ನು ಊರಿನ ಮುಂದೆ ನಿಲ್ಲಿಸುತ್ತಾರೆ. ಶಿಕ್ಷಕರು, ವಿದ್ಯಾರ್ಥಿಗಳು, ಊರವರು ಎದ್ದು ಪ್ರಶ್ನೆ ಕೇಳುತ್ತಾರೆ. ತೀರ್ಮಾನ ಮಂಡಳಿಯದೇ ಆದರೂ ಪ್ರಶ್ನೆ ಎಲ್ಲರದು.

ನಮ್ಮಲ್ಲಿ ಕುರ್ಚಿಗಳು ಎರಡು. ಒಂದು ಆಡಳಿತ ಮಂಡಳಿಯ ಅಧ್ಯಕ್ಷರದು, ಇನ್ನೊಂದು ಪ್ರಾಚಾರ್ಯರದು. ಪ್ರಾಚಾರ್ಯರಿಗೆ ಯುಜಿಸಿಯ 2018ರ ನಿಯಮ ಡಾಕ್ಟರೇಟ್ ಕೇಳುತ್ತದೆ, 15 ವರ್ಷದ ಬೋಧನೆ ಕೇಳುತ್ತದೆ, ಪ್ರಕಟವಾದ ಲೇಖನಗಳನ್ನು ಎಣಿಸುತ್ತದೆ, 5 ವರ್ಷದ ಅವಧಿ ಕೊಡುತ್ತದೆ. ಅಧ್ಯಕ್ಷರಿಗೆ ಅಂಥ ಅಳತೆಗೋಲಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ವರ್ಷಕ್ಕೊಮ್ಮೆ ಸಭೆ ಸೇರಿ ಎನ್ನುತ್ತದೆ, ಲೆಕ್ಕ ಒಪ್ಪಿಸಿ ಎನ್ನುತ್ತದೆ. ಎಂಥವರು ಬೇಕು ಎಂಬ ಮಾತನ್ನು ಸದಸ್ಯರ ಮನಸ್ಸಿಗೆ ಬಿಡುತ್ತದೆ. ಕಾನೂನು ಸುಮ್ಮನಾದ ಕಡೆಯಲ್ಲಿ ನಮ್ಮ ವಿವೇಕ ಮಾತಾಡಬೇಕಿತ್ತು.

ಆ ವಿವೇಕಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ವಿಜಯಪುರ ಜಿಲ್ಲೆಯದೇ ಇಂಡಿ ತಾಲೂಕಿನಲ್ಲಿ ಸಾಲೋಟಗಿ ಇದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಒಂದು ಶಾಸನ ಆ ಊರಿನದು. ಆಗ ಊರಿನ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಎಂಬಾತ ಅಲ್ಲಿ ದೊಡ್ಡ ಶಾಲೆಯನ್ನು ಕಟ್ಟಿಸಿದ. ಬೇರೆ ಬೇರೆ ನಾಡುಗಳ ವಿದ್ಯಾರ್ಥಿಗಳು ಬಂದು ಸೇರಿದರು. ಅವರಿಗೆ ಇರಲು 27 ಮನೆಗಳಾದವು. ಊರಿನ ಹೆಸರಿಗೆ ಶಾಲೆ ಕೂಡಿಕೊಂಡು ಸಾಲೋಟಗಿ ಆಯಿತು ಎಂದು ಬಲ್ಲವರು ಹೇಳುತ್ತಾರೆ. ಇವತ್ತಿಗೂ ನಾವು ಶಾಲೆಗೆ 'ಸಾಲಿ' ಎನ್ನುವವರಲ್ಲವೇ?

ಆ ಶಾಲೆ ನಡೆದದ್ದು ಅರಸನ ಒಂದು ದಾನದಿಂದಲ್ಲ. ಖರ್ಚಿಗೆಂದು, ಆ ಕಾಲದ ಭೂಮಿಯ ಅಳತೆಯಲ್ಲಿ, 500 ನಿವರ್ತನ ಭೂಮಿ ಬಿಟ್ಟರು. ದೀಪಕ್ಕೆಂದು ಬೇರೆ 12 ನಿವರ್ತನ ಬಿಟ್ಟರು. ಮುಖ್ಯ ಉಪಾಧ್ಯಾಯರಿಗೆಂದು ಬೇರೆ 50 ನಿವರ್ತನ. ಅದರ ಮೇಲೆ ಊರವರ ಪಾಲು: ಮದುವೆಯಾದರೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಜವಳ ತೆಗೆಸಿದರೆ ಅದಕ್ಕೂ ಕಡಿಮೆ. ಊರಲ್ಲಿ ಔತಣವಾದರೆ ಶಾಲೆಯವರಿಗೂ ಉಣಬಡಿಸಬೇಕು. ಮನೆಯಲ್ಲಿ ಮಗುವಿನ ಕೂದಲು ತೆಗೆದರೂ ಅದರಲ್ಲಿ ಶಾಲೆಗೊಂದು ಪಾಲು! ಸಮುದಾಯ ಕಾಲೇಜು ಎಂಬ ಹೆಸರು ಹುಟ್ಟುವ ಮೊದಲೇ ಅದರ ಹುರುಳು ಇಲ್ಲಿ ಕಲ್ಲಿನಲ್ಲಿ ಕೂತಿತ್ತು.

ಆ ಲೆಕ್ಕ ನೆನೆದಾಗಲೆಲ್ಲ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತದೆ. ಮೂರು ಹೊಲಗಳನ್ನು ಅವರು ಬೇರೆ ಬೇರೆಯಾಗಿ ಬರೆಸಿದ್ದಾರೆ. ಒಟ್ಟಿಗೆ ಇಷ್ಟು ಭೂಮಿ, ಮುಖ್ಯಸ್ಥರು ಹೊಂದಿಸಿಕೊಳ್ಳಲಿ ಎಂದು ಬಿಡಬಹುದಿತ್ತು, ಬಿಡಲಿಲ್ಲ. ಮುಖ್ಯಸ್ಥನ ಹೊಟ್ಟೆಗೂ ಒಂದು ಮಿತಿ ಇದೆ, ಆ ಮಿತಿ ಗೌರವದ್ದೇ, ಆದರೆ ಅದು ಎಲ್ಲರಿಗೂ ಗೊತ್ತಿರಬೇಕು. ದೀಪದ ಎಣ್ಣೆಗೆ ಬೇರೆ ಹೊಲ. ಅದನ್ನು ಯಾರೂ ಉಣ್ಣುವಂತಿಲ್ಲ. ಮಳೆ ಹೋದ ವರ್ಷವೂ ರಾತ್ರಿ ಓದುವ ಹುಡುಗನ ಬೆಳಕು ಆರಬಾರದು.

ಒಂದು ಕೊರತೆಯನ್ನು ಮರೆಮಾಚಬಾರದು. ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವೇದ-ಶಾಸ್ತ್ರದ ಓದು, ಅದಕ್ಕೆ ಹಕ್ಕುಳ್ಳವರೇ ವಿದ್ಯಾರ್ಥಿಗಳು. ದೀಪದ ಹೊಲ ಉತ್ತವನ ಮಗ ಆ ದೀಪದ ಬೆಳಕಲ್ಲಿ ಕೂತು ಓದಲಿಲ್ಲ.

ಎರಡು ಶತಮಾನ ಕಳೆದ ಮೇಲೆ ಇದೇ ನೆಲದ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಆ ಬಾಗಿಲನ್ನು ತೆರೆದರು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿ ಒಟ್ಟಿಗೆ ಮಾತಾಡಿದ ಆ ಕೂಟವನ್ನು ಅನುಭವ ಮಂಟಪ ಎನ್ನುತ್ತೇವೆ. ಬಸವಣ್ಣ ಅರಸ ಬಿಜ್ಜಳನ ಭಂಡಾರಿ. ಹಣ, ಹೆಸರು, ಜನ ಮೂರೂ ಅವರ ಬಳಿ ಇದ್ದವು. ಮಂಟಪದ ಮುಖ್ಯ ಪೀಠಕ್ಕೆ ಅವರೇ ಕೂತಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅವರು ಕೂಡಲಿಲ್ಲ. ಬನವಾಸಿ ನಾಡಿನಿಂದ ಬಂದ, ಮದ್ದಳೆ ಬಾರಿಸುತ್ತಿದ್ದ ಅಲ್ಲಮನನ್ನು ಕೂಡಿಸಿದರು. ಆ ಪೀಠದ ಹೆಸರು ಶೂನ್ಯ ಸಿಂಹಾಸನ. ಮುಂದೆ ಹದಿನೈದನೆಯ ಶತಮಾನದಿಂದ ಬಂದ ಶೂನ್ಯಸಂಪಾದನೆಗಳು ಈ ಕಥೆಯನ್ನು ವಿಸ್ತಾರವಾಗಿ ಹೇಳುತ್ತವೆ. ಇತಿಹಾಸಕಾರರು ಕಥೆಯ ವಿವರಗಳನ್ನು ಚರ್ಚಿಸಲಿ. ಕಥೆಯೊಳಗಿನ ತಿಳಿವಿಗೆ ಅದರಿಂದ ಕುಂದಿಲ್ಲ.

ಆ ಕಥೆಯಲ್ಲಿ ಸಿದ್ಧರಾಮನ ಪ್ರಸಂಗ ನನಗೆ ಅತಿ ಹತ್ತಿರದ್ದು. ಸಿದ್ಧರಾಮ ಇಂಡಿಯ ಆಚೆಗಿನ ಸೊನ್ನಲಿಗೆಯವನು, ಇಂದಿನ ಸೊಲ್ಲಾಪುರದವನು. ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಸಾವಿರಾರು ಜನರನ್ನು ಕೂಡಿಸಿ ಕೆಲಸ ಮಾಡಿಸಿದ ಕರ್ಮಯೋಗಿ. ಇವತ್ತಿನ ನಮ್ಮ ಸಭೆಗಳಲ್ಲಿ ಅಂಥವರ ಹೆಸರು ಬಂದರೆ ಎರಡನೆಯ ಮಾತೇ ಇರುತ್ತಿರಲಿಲ್ಲ: "ಎಷ್ಟು ಬಿಲ್ಡಿಂಗ್ ಕಟ್ಟ್ಯಾರ ನೋಡ್ರಿ!" ಅಲ್ಲಮ ಅಲ್ಲಿಗೆ ಹೋಗಿ ಕೆರೆಯ ಕೆಲಸ ನಡೆದ ಜಾಗದಲ್ಲೇ ಅವನನ್ನು ಕೆಣಕುತ್ತಾನೆ. ಕಲ್ಲು-ಮಣ್ಣಿನ ಕೆಲಸಗಾರ ಎಂದು ಕರೆಯುತ್ತಾನೆ. ನೀನು ಕಟ್ಟಿದ್ದರಲ್ಲಿ 'ನಾನು ಕಟ್ಟಿದೆ' ಎಂಬುದು ಎಷ್ಟಿದೆ ಎಂಬುದೇ ಆ ಕೆಣಕಿನ ತಿರುಳು. ಜನ ಸಿಟ್ಟಾಗುತ್ತಾರೆ. ಆದರೆ ಸಿದ್ಧರಾಮ ಕೇಳಿಸಿಕೊಳ್ಳುತ್ತಾನೆ, ಒಳಗೆ ನೋಡಿಕೊಳ್ಳುತ್ತಾನೆ, ಎದ್ದು ಅಲ್ಲಮನ ಜೊತೆ ಕಲ್ಯಾಣಕ್ಕೆ ಬರುತ್ತಾನೆ. ಅಲ್ಲಮನ ನಂತರ ಚೆನ್ನಬಸವಣ್ಣ, ಚೆನ್ನಬಸವಣ್ಣನ ನಂತರ ಇದೇ ಸಿದ್ಧರಾಮ ಶೂನ್ಯ ಸಿಂಹಾಸನವನ್ನು ಏರಿದ ಎನ್ನುತ್ತದೆ ಪರಂಪರೆ.

ಅಂದರೆ ಕೆರೆ ಕಟ್ಟಿದ್ದು ಕಡಿಮೆಯ ಕೆಲಸವಲ್ಲ, ಅದನ್ನು ಮಾಡಿದವನೇ ಕೊನೆಗೆ ಪೀಠಕ್ಕೆ ಬಂದ. ಆದರೆ ಪೀಠಕ್ಕೆ ಬರುವ ಮೊದಲು ಒಂದು ಕಟುವಾದ ಪ್ರಶ್ನೆಯನ್ನು ಅವನು ದಾಟಬೇಕಾಯಿತು. ದಾಟಿದ ಬಗೆಯೇ ಅವನ ಅರ್ಹತೆ. ಪ್ರಶ್ನೆಗೆ ಸಿಡಿದೇಳುವವರು, ಪ್ರಶ್ನೆ ಕೇಳಿದವನ ಮನೆತನ ಹುಡುಕುವವರು ಎಷ್ಟು ಕಟ್ಟಡ ಕಟ್ಟಿದರೂ ಆ ಜಾಗಕ್ಕೆ ಇನ್ನೂ ಮಾಗಿಲ್ಲ. ನಾನು ಆ ದಿನ ಕೇಳದೇ ಬಿಟ್ಟ ಪ್ರಶ್ನೆ ಬರಿಯ ನನ್ನ ಹಕ್ಕಾಗಿರಲಿಲ್ಲ, ಆರಿಸಿ ಬಂದವರಿಗೆ ನಾನು ಸಲ್ಲಿಸಬೇಕಿದ್ದ ಉಪಕಾರವಾಗಿತ್ತು ಎಂಬುದು ತಡವಾಗಿ ಹೊಳೆಯಿತು.

ಹಳೆಯ ಕಾಲದ ಮಾತಾಯಿತು ಎನ್ನುವವರಿಗೆ ಹತ್ತಿರದ ಒಂದು ಬದುಕಿದೆ. ಫ.ಗು. ಹಳಕಟ್ಟಿಯವರು 1904ರಲ್ಲಿ ವಕೀಲಿಗೆಂದು ವಿಜಯಪುರಕ್ಕೆ ಬಂದರು. ಬರ ಬಿದ್ದ ಜಿಲ್ಲೆ, ಓದು ಕಾಣದ ಹಳ್ಳಿಗಳು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಹುಟ್ಟಲು ಅವರು ಕಾರಣರಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆಯಿತು. ಸಂಸ್ಥೆ ಕಟ್ಟಿದವರು ಅದರ ನೆರಳಲ್ಲಿ ಕೂತು ವಿಶ್ರಮಿಸಬಹುದಿತ್ತು. ಅವರು ಹಳ್ಳಿಹಳ್ಳಿಯ ಮನೆಗಳ ಜಗಲಿ ಹತ್ತಿ ವಚನಗಳ ತಾಳೆಗರಿ ಹುಡುಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. ಅಚ್ಚಿನ ಕೆಲಸಕ್ಕೆ ಸ್ವಂತದ್ದೇ ಮುದ್ರಣಾಲಯ ಬೇಕೆಂದು ಇದ್ದ ಮನೆಯನ್ನು ಮಾರಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. 1964ರಲ್ಲಿ ತೀರಿಕೊಳ್ಳುವವರೆಗೂ ಬಾಡಿಗೆ ಮನೆ. ಶೂನ್ಯ ಸಿಂಹಾಸನದ ಕಥೆ ಹೇಳುವ ಶೂನ್ಯಸಂಪಾದನೆಯನ್ನು 1930ರಲ್ಲಿ ಅಚ್ಚುಹಾಕಿಸಿದವರೂ ಅವರೇ. ಪುಸ್ತಕವನ್ನು ತಿದ್ದಿದರು, ಬದುಕಿನಲ್ಲೂ ಅದನ್ನು ನಡೆಸಿದರು.

ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಕೆ.ಎಲ್.ಇ. ಸಂಸ್ಥೆಗೆ ಬುನಾದಿ ಹಾಕಿದ ಏಳು ಜನರನ್ನು ನಾಡು ಸಪ್ತರ್ಷಿಗಳು ಎಂದು ನೆನೆಯುತ್ತದೆ. ಪುಣೆಯಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ 1884ರಲ್ಲಿ ತೋರಿಸಿಕೊಟ್ಟ ಆಜೀವ ಸದಸ್ಯತ್ವದ ದಾರಿ ಆ ತಲೆಮಾರಿನ ಕಣ್ಮುಂದೆ ಇತ್ತು. ಕಲಿಸುವವರೇ ಕಡಿಮೆ ಸಂಬಳಕ್ಕೆ ಆಯುಷ್ಯ ಬರೆದುಕೊಟ್ಟು ಸಂಸ್ಥೆಯನ್ನೂ ನಡೆಸುವುದು ಆ ದಾರಿ. ಆಜೀವ ಸದಸ್ಯ ಎಂದರೆ ಆಗ ಜೀವ ಕೊಡುವವನು. ಇಂದು ಅದೇ ಪದಕ್ಕೆ ಒಂದು ಸಲ ಶುಲ್ಕ ಕಟ್ಟಿ ಬದುಕಿರುವವರೆಗೆ ಮತ ಹಾಕುವವನು ಎಂಬ ಅರ್ಥ. ಪದ ಅದೇ ಇದೆ. ಒಳಗಿನ ಕಾಳು ಮಾತ್ರ ಹುಳ ತಿಂದು ಪೊಳ್ಳಾಗಿದೆ.

ಯಾವುದೇ ಒಂದು ಸಂಸ್ಥೆಯತ್ತ ನಾನು ಬೆರಳು ತೋರುತ್ತಿಲ್ಲ. ನೇಮಕಾತಿ, ಪ್ರವೇಶ, ಕಟ್ಟಡದ ಗುತ್ತಿಗೆ ಇವು ಮೂರೂ ಒಂದೇ ಮೇಜಿನ ಮೇಲೆ ಬಂದು ಕೂತಾಗ ಆ ಮೇಜಿನ ಹಿಂದಿನ ಕುರ್ಚಿಗೆ ತೂಕ ಬರುತ್ತದೆ. ತೂಕವಿದ್ದಲ್ಲಿ ಪೈಪೋಟಿ ಇದ್ದದ್ದೇ. ಪೈಪೋಟಿ ಬೇಡವೆಂದು ನಾವು ಕಂಡುಕೊಂಡ ಉಪಾಯ 'ಅವಿರೋಧ ಆಯ್ಕೆ'. ಊರಲ್ಲಿ ಅದಕ್ಕೆ ದೊಡ್ಡ ಗೌರವ. ಜಗಳವಾಗಲಿಲ್ಲ, ಗುಂಪಾಗಲಿಲ್ಲ, ಹಿರಿಯರ ಮಾತು ನಡೆಯಿತು ಎಂಬ ಸಮಾಧಾನ ಅದರಲ್ಲಿದೆ, ಅದು ಸುಳ್ಳಲ್ಲ. ಆದರೆ ವಿರೋಧವಿಲ್ಲದಿರುವುದಕ್ಕೆ ಎರಡು ಕಾರಣಗಳಿರುತ್ತವೆ. ಮನಸ್ಸುಗಳು ಕೂಡಿದಾಗಲೂ ಸಭೆ ಮೌನವಾಗಿರುತ್ತದೆ, ಬಾಯಿಗಳು ಕಟ್ಟಿದಾಗಲೂ ಮೌನವಾಗಿರುತ್ತದೆ. ಹೊರಗಿನಿಂದ ಎರಡೂ ಒಂದೇ. ಒಳಗೆ ಕೂತವನಿಗೆ ಮಾತ್ರ ತನ್ನ ಮೌನ ಯಾವುದೆಂದು ಗೊತ್ತು.

ಹಾಗಾದರೆ ಆರಿಸುವುದು ಹೇಗೆ? ಇದಕ್ಕೆ ನಮ್ಮ ಎರಿ ಹೊಲವೇ ಉತ್ತರ ಹೇಳುತ್ತದೆ. ಬಿಳಿಜೋಳದ ಬೀಜ ಹಿಡಿಯುವಾಗ ಬಲ್ಲ ರೈತ ರಾಶಿಯಿಂದ ಬೊಗಸೆ ತುಂಬಿಕೊಳ್ಳುವುದಿಲ್ಲ. ರಾಶಿಯಲ್ಲಿ ಕಾಳೆಲ್ಲ ಒಂದೇ ಬಣ್ಣ. ಬೆಳೆ ನಿಂತಿರುವಾಗಲೇ ಹೊಲದೊಳಗೆ ನಡೆದು, ಬದುವಿನ ಪಕ್ಕದ ಕೊಬ್ಬಿದ ತೆನೆ ಬಿಟ್ಟು, ನಡುಹೊಲದಲ್ಲಿ ಉಳಿದ ದಂಟುಗಳಷ್ಟೇ ತೇವ ಉಂಡೂ ತುಂಬಿ ನಿಂತ ತೆನೆಗೆ ಗುರುತು ಹಾಕುತ್ತಾನೆ. ಬದುವಿನ ತೆನೆ ದೊಡ್ಡದಿರುತ್ತದೆ, ಅದಕ್ಕೆ ಸಿಕ್ಕ ಜಾಗವೂ ದೊಡ್ಡದು. ಅದರ ಗಾತ್ರ ಅದರ ಗುಣವಲ್ಲ. ಹೀಗೆ ಗುರುತು ಹಾಕಿದ್ದನ್ನು ಬೇರೆ ಬಡಿದು ಬೂದಿ, ಬೇವಿನೆಲೆ ಬೆರೆಸಿ ಇಡುತ್ತಾರೆ. ಉಪವಾಸವಿದ್ದರೂ ಬೀಜ ಉಣ್ಣುವುದಿಲ್ಲ.

ಸಭೆಯ ದಿನ ಬಯೋಡೇಟಾ ಓದಿ ಆರಿಸುವುದು ರಾಶಿಯಿಂದ ಬೀಜ ಹಿಡಿದಂತೆ. ಮನುಷ್ಯನನ್ನು ನಿಂತ ಬೆಳೆಯಲ್ಲಿ ನೋಡಬೇಕು. ಯಾರೂ ನೋಡದಾಗ ಕಾಲೇಜಿಗೆ ಎಷ್ಟು ಸಲ ಬಂದಿದ್ದರು? ಜವಾನನ ಜೊತೆ ಹೇಗೆ ಮಾತಾಡುತ್ತಾರೆ? ತಮ್ಮ ಮಾತು ಸೋತ ಸಭೆಯ ಮರುದಿನವೂ ಕೆಲಸಕ್ಕೆ ಬಂದರೇ?

ಕಣ್ಣು ಇದೆಯೇ ಎಂದು ನೋಡಲು ಇನ್ನೂ ಸಣ್ಣ ಪರೀಕ್ಷೆಗಳಿವೆ. ಮಸೂತಿಯ ಬದಿಗೇ ಕೂಡಗಿಯ ವಿದ್ಯುತ್ ಸ್ಥಾವರ ಇದೆ. 800 ಮೆಗಾವಾಟಿನ ಮೂರು ಘಟಕ, ಒಟ್ಟು 2400. ಅದರ ಚಿಮಣಿ ದೂರದಿಂದಲೇ ಕಾಣುತ್ತದೆ, ಕಾಣಲು ಅಧ್ಯಕ್ಷರೇ ಬೇಕಿಲ್ಲ. ಅಂಥ ಸ್ಥಾವರಕ್ಕೆ ಹೊಲ ಕೊಟ್ಟ ಮನೆಯ ಹುಡುಗ ಯಾವ ಕೈಕಸುಬು ಕಲಿತರೆ ಅದರ ಗೇಟಿನೊಳಗೆ ಮರ್ಯಾದೆಯಿಂದ ಕಾಲಿಟ್ಟಾನು ಎಂಬುದನ್ನು ಕಾಣಲು ಕಣ್ಣು ಬೇಕು. ಕಬ್ಬು ಕಡಿಯಲು ಗುಳೆ ಹೋಗುವ ತಾಂಡಾದ ಮಕ್ಕಳು ಅರ್ಧ ವರ್ಷ ಎಲ್ಲಿ ಓದುತ್ತಾರೆ? ಕಾಲೇಜು ಬಿಟ್ಟ ಮೇಲೆ ಹಳ್ಳಿಗೆ ಕೊನೆಯ ಬಸ್ಸು ಎಷ್ಟಕ್ಕಿದೆ? ಆ ಬಸ್ಸು ತಪ್ಪಿದ ಹುಡುಗಿಯನ್ನು ಮನೆಯವರು ಮರುದಿನ ಕಳಿಸುತ್ತಾರೆಯೇ? ಈ ಬಸ್ಸಿನ ವೇಳೆ ಬಲ್ಲ ಒಬ್ಬರು ನಿಮ್ಮ ಹೆಸರುಗಳ ಪಟ್ಟಿಯಲ್ಲಿದ್ದರೆ, ಅವರಿಗೆ ಮಾತಾಡಲು ಬಾರದಿದ್ದರೂ, ಮನೆತನ ಸಣ್ಣದಿದ್ದರೂ, ಅವರ ಮುಂದೆ ನಿಂತು ಇನ್ನೊಮ್ಮೆ ಯೋಚಿಸಿ. ಅವರು ಹೆಣ್ಣುಮಗಳಾಗಿರುವ ಸಂಭವವೂ ಹೆಚ್ಚು. ಬಸ್ಸಿಗಾಗಿ ಕಾದವರಿಗೇ ಅದರ ವೇಳೆ ಗೊತ್ತಿರುತ್ತದೆ.

ಆಯ್ಕೆ ಒಂದು ದಿನದ ಕೆಲಸವೆಂದು ನಾವು ತಿಳಿದಿದ್ದೇವೆ. ಬಿತ್ತಿದ ಮೇಲೂ ಎಡೆ ಹೊಡೆಯಬೇಕು, ಕಸ ತೆಗೆಯಬೇಕು, ಸೀತನಿಯ ಹೊತ್ತಿಗೆ ಹಕ್ಕಿ ಕಾಯಬೇಕು. ಆರಿಸಿದವರೂ ಆರಿಸಿದ ಮೇಲೆ ಎದ್ದು ಹೋಗುವಂತಿಲ್ಲ. ಊರಿನ ಪ್ರತಿ ಮದುವೆಯಲ್ಲಿ 5 ನಾಣ್ಯ ತೆಗೆದಿಟ್ಟ ಪಾವಿಟ್ಟಗೆಯ ಜನಕ್ಕೆ ಶಾಲೆ ಹೇಗೆ ನಡೆದಿದೆ ಎಂದು ಕೇಳಲು ವಾರ್ಷಿಕ ಸಭೆಯ ನೋಟಿಸು ಬೇಕಿರಲಿಲ್ಲ. ಕೊಟ್ಟವನ ಕಣ್ಣು ಕೊಟ್ಟಲ್ಲಿ ಇರುತ್ತದೆ. ನಾವು ಕೊಡುವುದನ್ನು ಬಿಟ್ಟ ದಿನವೇ ನೋಡುವುದನ್ನೂ ಬಿಟ್ಟೆವೇನೋ. ಎಲ್ಲ ಕಣ್ಣುಗಳ ಕೆಲಸವನ್ನು ಒಬ್ಬ ಅಧ್ಯಕ್ಷರ ಎರಡು ಕಣ್ಣಿಗೆ ವಹಿಸಿ, ಅವರೂ ಕಣ್ಣು ಮುಚ್ಚಿದಾಗ ದೂರುತ್ತೇವೆ.

ಮುಂದಿನ ಸಲ ಸಭೆ ಕರೆದಾಗ ನಾನು ಕೈ ಎತ್ತುವ ಮೊದಲು ಎದ್ದು ನಿಲ್ಲಬೇಕೆಂದಿದ್ದೇನೆ. ದೊಡ್ಡ ಭಾಷಣವಿಲ್ಲ, ಆರೋಪವಿಲ್ಲ. ಹೆಸರು ಬಂದವರು ಎದುರಿಗೆ ಕೂತಿರುತ್ತಾರೆ. ಅವರಿಗೆ ನಮಸ್ಕಾರ ಹೇಳಿ ಒಂದೇ ಮಾತು ಕೇಳುತ್ತೇನೆ: "ಸಾಹೇಬ್ರ, ನಿಮ್ಮ 50 ನಿವರ್ತನ ನಿಮಗಿರಲಿ, ಅದು ನಿಮ್ಮ ಹಕ್ಕು. ದೀಪದ 12 ನಿವರ್ತನ ಎಲ್ಲಿ ಅದ, ಅದರ ಬದು ನಿಮಗ ಗೊತ್ತದ ಏನು?"

ಅವರು ಸಿಟ್ಟಾಗದೆ ಎದ್ದು ಬಂದರೆ, ಇಬ್ಬರೂ ಕೂಡಿ ಆ ಬದುವಿನ ಮೇಲೆ ನಡೆದು ನೋಡಬಹುದು.